ಬಂದೂಕಿನ ಸಾವಿನ ಲೆಕ್ಕದಲ್ಲಿ ಕೊಲೆಗಿಂತ ದೊಡ್ಡ ಖಾತೆ

ಅಮೆರಿಕದ ಯಾವುದಾದರೂ ಶಾಲೆಯಲ್ಲಿ ಗುಂಡು ಹಾರಿತೆಂದರೆ ಮರುದಿನ ವಾಟ್ಸಾಪಿಗೆ ಒಂದು ನಕ್ಷೆ ಬಂದೇ ಬರುತ್ತದೆ. ಅಡ್ಡಗೆರೆಯ ಮೇಲೆ ನೂರು ಜನಕ್ಕೆ ಎಷ್ಟು ಬಂದೂಕು, ನಿಂತ ಗೆರೆಯ ಮೇಲೆ ಲಕ್ಷಕ್ಕೆ ಎಷ್ಟು ಸಾವು. ಶ್ರೀಮಂತ ದೇಶಗಳೆಲ್ಲ ಎಡಮೂಲೆಯಲ್ಲಿ ಗುಂಪುಗೂಡಿರುತ್ತವೆ. ಅಮೆರಿಕ ಮಾತ್ರ ಬಲತುದಿಯಲ್ಲಿ, ಎಲ್ಲರಿಗಿಂತ ಮೇಲೆ. ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2017ರ ಅಂದಾಜಿನಂತೆ ಅಲ್ಲಿ ನೂರು ಜನರ ನಡುವೆ 120 ಬಂದೂಕುಗಳಿವೆ. ಕೆನಡಾದಲ್ಲಿ ಸುಮಾರು 35, ಫಿನ್ಲೆಂಡಿನಲ್ಲಿ 32, ಸ್ವಿಟ್ಜರ್ಲೆಂಡಿನಲ್ಲಿ 28. ಜಪಾನಿನಲ್ಲಿ ಒಂದೂ ಇಲ್ಲ, 0.3.

ನಕ್ಷೆ ಸುಳ್ಳಲ್ಲ. ಆದರೆ ಅದನ್ನು ಕಳಿಸುವವರ ಮನಸ್ಸಿನಲ್ಲಿರುವುದು ಕೊಲೆ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಮನೋವೈದ್ಯನಾಗಿರುವ ನನಗೆ ಕಾಣುವುದು ಬೇರೆ. 2021ರಲ್ಲಿ ಈ ದೇಶದಲ್ಲಿ ಗುಂಡಿಗೆ ಸತ್ತವರು 48,830. ಅದರಲ್ಲಿ ಕೊಲೆಯಾದವರು 20,958, ಆತ್ಮಹತ್ಯೆ ಮಾಡಿಕೊಂಡವರು 26,328. ಟಿವಿಯಲ್ಲಿ ದಿನಗಟ್ಟಲೆ ಓಡುವ ಶಾಲೆ, ಮಾಲ್‌ಗಳ ದಾಳಿಗಳ ಪಾಲು ಈ ಒಟ್ಟು ಲೆಕ್ಕದಲ್ಲಿ ತೀರಾ ಸಣ್ಣದು.

ಅದೇ ನಕ್ಷೆಯಿಂದ ಅಮೆರಿಕವನ್ನು ತೆಗೆದು ನೋಡಿ. ಉಳಿದ ದೇಶಗಳ ಮಟ್ಟಿಗೆ ಬಂದೂಕಿಗೂ ಕೊಲೆಗೂ ಇರುವ ನಂಟು ಸಡಿಲವಾಗಿಬಿಡುತ್ತದೆ. ಬಂದೂಕು ಬೇಕಾದಷ್ಟಿರುವ ಸ್ವಿಟ್ಜರ್ಲೆಂಡಿನಲ್ಲಿ ಕೊಲೆ ಬಹಳ ಕಡಿಮೆ. ಬಂದೂಕು ಪ್ರಿಯರು ಈ ಉದಾಹರಣೆಯನ್ನು ತಪ್ಪದೆ ಎತ್ತುತ್ತಾರೆ, ಎತ್ತುವುದರಲ್ಲಿ ತಪ್ಪೂ ಇಲ್ಲ. ಅವರು ಹೇಳದೆ ಬಿಡುವುದು ಇನ್ನರ್ಧ: ಅದೇ ಸ್ವಿಟ್ಜರ್ಲೆಂಡಿನಲ್ಲಿ ಗುಂಡಿನಿಂದಾಗುವ ಸಾವುಗಳಲ್ಲಿ ಬಹುಪಾಲು ಆತ್ಮಹತ್ಯೆ. ಮನೆಯಲ್ಲಿ ಬಂದೂಕು ಹೆಚ್ಚಿದ್ದಷ್ಟೂ ಬಂದೂಕಿನ ಆತ್ಮಹತ್ಯೆ ಹೆಚ್ಚು ಎಂಬ ಗೆರೆ ಅಮೆರಿಕವನ್ನು ತೆಗೆದರೂ ಅಳಿಸುವುದಿಲ್ಲ.

‘ಹಾಗಾದರೆ ಜಪಾನ್?’ ಎನ್ನುವವರಿದ್ದಾರೆ. ಅಲ್ಲಿ ಬಂದೂಕಿಲ್ಲ, ಆತ್ಮಹತ್ಯೆಯ ಪ್ರಮಾಣ ಕಡಿಮೆಯೇನಲ್ಲ. ನಿಜ. ಒಟ್ಟು ಆತ್ಮಹತ್ಯೆಯಲ್ಲಿ ಅಮೆರಿಕವೂ ಶ್ರೀಮಂತ ದೇಶಗಳ ನಡುವೆ ಎದ್ದು ಕಾಣುವಷ್ಟು ಮುಂದಿಲ್ಲ. ಹತಾಶೆಯನ್ನು ಬಂದೂಕು ಹುಟ್ಟಿಸುವುದಿಲ್ಲ. ಭಾಷೆ, ದುಡ್ಡು, ಕುಡಿತ, ಕುಟುಂಬ ಎಲ್ಲ ಬೇರೆಬೇರೆಯಾಗಿರುವ ದೇಶಗಳನ್ನು ಪಕ್ಕಪಕ್ಕ ಇಟ್ಟು ಇದಕ್ಕಿಂತ ಹೆಚ್ಚು ಹೇಳಲಾಗದು. ಆದ್ದರಿಂದ ನಾನು ನಂಬುವುದು ಒಂದೇ ದೇಶದೊಳಗೆ, ಅದೇ ಜನರ ನಡುವೆ ಬಂದೂಕು ಮಾತ್ರ ದೂರವಾದಾಗ ಏನಾಯಿತು ಎಂಬುದನ್ನು.

ಇಸ್ರೇಲಿನ ಹುಡುಗರು 18ಕ್ಕೆ ಸೇನೆ ಸೇರುತ್ತಾರೆ. ವಾರಾಂತ್ಯಕ್ಕೆ ಮನೆಗೆ ಹೋಗುವಾಗ ರೈಫಲ್ಲನ್ನೂ ಒಯ್ಯುತ್ತಿದ್ದರು. 2006ರಲ್ಲಿ ಸೇನೆ ಅದನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕೆಂದಿತು. ಸೈನಿಕರ ಆತ್ಮಹತ್ಯೆ ಶೇ 40ರಷ್ಟು ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದ ಸಾವುಗಳು. ಉಳಿದ ದಿನಗಳ ಲೆಕ್ಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಶನಿವಾರ ಗನ್ ಸಿಗದವರು ಸೋಮವಾರಕ್ಕಾಗಿ ಕಾದು ಕೂರಲಿಲ್ಲ ಎಂದಾಯಿತು. ಇಷ್ಟು ಸ್ವಚ್ಛವಾದ ಪುರಾವೆ ನಮ್ಮ ವಿಷಯದಲ್ಲಿ ಸಿಗುವುದು ಅಪರೂಪ.

ಸ್ವಿಟ್ಜರ್ಲೆಂಡಿನಲ್ಲೂ 2003ರಲ್ಲಿ ಸೇನೆಯನ್ನು ಅರ್ಧದಷ್ಟಕ್ಕೆ ಇಳಿಸಿದಾಗ ಮನೆಗಳಲ್ಲಿದ್ದ ಸೇನಾ ಬಂದೂಕುಗಳು ಕಡಿಮೆಯಾದವು. ಸೇನೆಯ ವಯಸ್ಸಿನ ಗಂಡಸರಲ್ಲಿ ಆತ್ಮಹತ್ಯೆ ಇಳಿಯಿತು. ಹೆಂಗಸರಲ್ಲಿ, ಆ ವಯಸ್ಸು ದಾಟಿದ ಗಂಡಸರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಬಂದೂಕಿನಿಂದ ಸಾಯುವುದು ತಪ್ಪಿದವರಲ್ಲಿ ಐದನೇ ಒಂದರಷ್ಟು ಮಂದಿ ಮಾತ್ರ ಸಾವಿಗೆ ಬೇರೆ ದಾರಿ ಹಿಡಿದಿರಬಹುದೆಂಬುದು ಅಧ್ಯಯನ ಮಾಡಿದವರ ಲೆಕ್ಕ. ‘ಸಾಯಬೇಕು ಅಂದ್ಕೊಂಡವರು ಹೇಗಾದರೂ ಸಾಯ್ತಾರೆ’ ಎಂಬ ಮಾತನ್ನು ವೈದ್ಯರ ಬಾಯಲ್ಲೂ ಕೇಳಿದ್ದೇನೆ. ಅದು ಸರಿಯಲ್ಲ. ಪ್ರಯತ್ನಿಸಿ ಬದುಕಿ ಉಳಿದ ಹತ್ತರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ತೀವ್ರ ಗಳಿಗೆ ಬಂದು ಹೋಗುವಂಥದ್ದು. ಬಂದೂಕು ಮನಸ್ಸು ಬದಲಿಸಲು ಎಡೆ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾಗಿ ನನ್ನ ಕೋಣೆಯಲ್ಲಿ ‘ಗನ್ ಇದೆಯಾ?’ ಎಂದು ಕೇಳುವುದಿಲ್ಲ. ‘ಗನ್ ಎಲ್ಲಿಟ್ಟಿದ್ದೀರಿ?’ ಎಂದೇ ಕೇಳುತ್ತೇನೆ. ಇಲ್ಲದವರು ಇಲ್ಲ ಎನ್ನುತ್ತಾರೆ, ಇರುವವರಿಗೆ ಮುಚ್ಚಿಡುವ ಮುಜುಗರ ತಪ್ಪುತ್ತದೆ. 2020ರ ಕೊರೊನಾ ಕಾಲದಲ್ಲಿ ಇಲ್ಲಿ ಬಂದೂಕು ಮಾರಾಟ ಒಮ್ಮೆಲೇ ಏರಿತ್ತು, ಮೊದಲ ಸಲ ಕೊಂಡವರಲ್ಲಿ ನಮ್ಮವರೂ ಇದ್ದರು. ಮಲೆನಾಡಿನ ಕಡೆಯ ಒಬ್ಬರು, ವಿವರ ಬದಲಿಸಿ ಹೇಳುತ್ತಿದ್ದೇನೆ, ಕೆಲಸ ಹೋಗಿ ನಿದ್ದೆಗೆಟ್ಟು ಬಂದಿದ್ದರು.

“ಸೇಫ್ಟಿಗೆ ಅಂತ ತಗೊಂಡಿದ್ದು ಡಾಕ್ಟ್ರೇ. ಲಾಕ್ ಹಾಕೇ ಇಟ್ಟಿದೀನಿ.”

“ಕೀ ಎಲ್ಲಿದೆ?”

“ಕಾರಿನ ಕೀ ಜೊತೆಗೇ.”

ಆಸ್ಪತ್ರೆಯಲ್ಲಿ ನಾವು ಪುಕ್ಕಟೆ ಕೊಡುವ ಬೀಗವೂ ಅಂಥದ್ದೇ: ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ತಂತಿ, ತುದಿಗೊಂದು ಪುಟ್ಟ ಬೀಗ. ಗುಂಡು ಕೂರುವ ಜಾಗದಲ್ಲಿ ತೂರಿಸಿ ಹಾಕಿದರೆ ಗನ್ ಕೆಲಸ ಮಾಡುವುದಿಲ್ಲ. ಮಕ್ಕಳ ಕೈಯಿಂದ ಕಾಪಾಡಲು ಅದು ಸಾಕು. ಅಪಾಯದಲ್ಲಿರುವವರು ಮಾಲೀಕರೇ ಆದರೆ, ಕೀಲಿಕೈ ಅವರ ಜೇಬಿನಲ್ಲೇ ಇದ್ದರೆ, ಬೀಗ ಇದ್ದೂ ಇಲ್ಲದಂತೆ. ಕೆಲವು ತಿಂಗಳು ಮನೆಯಿಂದ ಹೊರಗೆಲ್ಲಾದರೂ ಇಡೋಣ ಎಂದೆ. ಅವರು ಸ್ವಲ್ಪ ಯೋಚಿಸಿ, “ಎಲೆಕ್ಷನ್ ಬಂದಾಗ ನಮ್ಮಪ್ಪ ಕೋವಿ ಸ್ಟೇಷನ್ನಿಗೆ ಕೊಟ್ಟು ಬರ್ತಿದ್ರಲ್ಲ, ಹಂಗಾ?” ಎಂದರು. ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟವರಿಗೆಲ್ಲ ಆ ಠೇವಣಿ ಒಂದು ರಗಳೆ. ನನಗೆ ಅದಕ್ಕಿಂತ ಒಳ್ಳೆಯ ವಿವರಣೆ ಹೊಳೆದಿರಲಿಲ್ಲ. ಗೆಳೆಯರಿಗೆ ಕೊಡಬಹುದೇ ಎಂಬುದು ಒಂದೊಂದು ರಾಜ್ಯದ ಕಾನೂನಿನಲ್ಲಿ ಒಂದೊಂದು ತರ. ಕಡೆಗೆ ಗನ್ ಅಂಗಡಿಯವರೇ ಬಾಡಿಗೆಗೆ ಇಟ್ಟುಕೊಂಡರು.

ಫ್ಲಾರಿಡಾ ರಾಜ್ಯ 2011ರಲ್ಲಿ ವೈದ್ಯರು ಈ ಪ್ರಶ್ನೆ ಕೇಳುವುದಕ್ಕೇ ಕಾನೂನಿನ ತಡೆ ಹಾಕಿತ್ತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆದರೂ ನಮ್ಮಲ್ಲಿ ಅನೇಕರು ಕೇಳುವುದಿಲ್ಲ. ರೋಗಿ ಬೇಸರ ಮಾಡಿಕೊಳ್ಳುತ್ತಾರೆಂಬ ಅಳುಕು. ಮನೆಯವರಿಗೆ ಆ ಅಳುಕು ಬೇಡ: ಗಂಡನೋ ಮಗನೋ ಮಂಕಾಗಿದ್ದರೆ ಕೀಲಿಕೈಯನ್ನು ಕೇಳಿ ಇಸಿದುಕೊಳ್ಳಿ, ಆಮೇಲೆ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಳ್ಳಿ. ಅಲ್ಲಿಯವರೆಗೂ ಕಾಯಲಾಗದಿದ್ದರೆ ಸಹಾಯವಾಣಿಗಳಿವೆ: ಅಮೆರಿಕದಲ್ಲಿ 988, ಭಾರತದಲ್ಲಿ ಟೆಲಿ ಮಾನಸ್ 14416. ಎರಡಕ್ಕೂ ಹಗಲೂ ರಾತ್ರಿ ಕರೆ ಮಾಡಬಹುದು. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.