ಪದ ಪರಿಚಯ: ಬ್ಯಾಕಪ್, ಮತ್ತು ಅದರ ವೇಷದಲ್ಲಿ ಓಡಾಡುವ ಸಿಂಕ್

"ಏನೂ ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಎಲ್ಲಾ ಫೋಟೊ ಬ್ಯಾಕಪ್ ಆಗ್ಯಾವ. ಇನ್ನ ಫೋನಿನ್ಯಾಗಿನ್ವು ಅಳಿಸಿಬಿಡ್ರಿ." ವಿಜಯಪುರದ ಮೊಬೈಲ್ ಅಂಗಡಿಯೊಂದರಲ್ಲಿ ಮೊನ್ನೆ ಕಿವಿಗೆ ಬಿದ್ದ ಮಾತು. ಮದುವೆ ಫೋಟೊ ತೆಗೆಯುವವರು, ಕಚೇರಿಯ ಗುಮಾಸ್ತರು, ಕಾಲೇಜು ಹುಡುಗರು ಎಲ್ಲರ ಬಾಯಲ್ಲೂ ಇದೇ ಮಾತು ಕೇಳಿ ಸಾಕಾಗಿದೆ. ಫೋನಿನಲ್ಲಿದ್ದದ್ದನ್ನು ಅಳಿಸಿದ ಮೇಲೆ ಕ್ಲೌಡ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ತಲುಪುವ ಕಂಪನಿಯ ಕಂಪ್ಯೂಟರುಗಳಲ್ಲಿ, ಇರುವುದು ಒಂದೇ ಪ್ರತಿ. ಒಂದೇ ಇದ್ದರೆ ಅದು ಮೂಲ, ಅದನ್ನು ಬ್ಯಾಕಪ್ ಎನ್ನಲು ಬರುವುದಿಲ್ಲ.

ಬ್ಯಾಕ್ ಎಂದರೆ ಬೆನ್ನು. ಈ ಕಲ್ಪನೆ ಕನ್ನಡಕ್ಕೆ ಹೊಸದೇನಲ್ಲ. ಬೆಂಬಲ, ಬೆಂಗಾವಲು ಎರಡರಲ್ಲೂ ಇರುವುದು ಅದೇ ಬೆನ್ನು. ಬೆಂಗಾವಲಿಗೆ ನಿಂತವನು ಮುಂದೆ ನಡೆಯುವವನಿಂದ ಬೇರೆ ಆಳು. ಮುಂದಿನವನಿಗೆ ಏಟು ಬಿದ್ದಾಗ ಇವನು ನಿಂತಿರಬೇಕು, ಅದಕ್ಕೇ ಅವನನ್ನು ಹಿಂದೆ ಇಟ್ಟಿರುವುದು. ಸಿಂಕ್ ಬಂದದ್ದು ಗ್ರೀಕ್ ಮೂಲದಿಂದ: ಸಿನ್ ಅಂದರೆ ಜೊತೆಗೆ, ಕ್ರೋನೊಸ್ ಅಂದರೆ ಕಾಲ. ಎರಡು ಕಡೆ ಒಂದೇ ಕಾಲಕ್ಕೆ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಇಲ್ಲಿ ಹೊಸ ಫೋಟೊ ಬಂದರೆ ಅಲ್ಲಿಯೂ ಬರುತ್ತದೆ, ಇಲ್ಲಿ ಹಾಳಾದರೆ ಅಲ್ಲಿಯೂ ಹಾಳಾಗುತ್ತದೆ. ಒಂದು ಪದದ ಜೀವ ಬೇರೆಯಾಗಿರುವುದರಲ್ಲಿದೆ, ಇನ್ನೊಂದರದ್ದು ಒಂದಾಗಿರುವುದರಲ್ಲಿ. ಇಂಥ ಎರಡನ್ನು ಒಂದರ ಬದಲಿಗೆ ಇನ್ನೊಂದನ್ನು ಇಟ್ಟು ಮಾತಾಡುತ್ತಿದ್ದೇವೆ.

ತಪ್ಪು ಬರೀ ಜನರದ್ದಲ್ಲ. ಗೂಗಲ್ 2017ರಲ್ಲಿ ಕಂಪ್ಯೂಟರಿಗೆಂದು ಬಿಟ್ಟ ತಂತ್ರಾಂಶದ ಹೆಸರೇ 'ಬ್ಯಾಕಪ್ ಆ್ಯಂಡ್ ಸಿಂಕ್'. 2021ರಲ್ಲಿ ಅದರ ಜಾಗಕ್ಕೆ 'ಡ್ರೈವ್ ಫಾರ್ ಡೆಸ್ಕ್‌ಟಾಪ್' ಬಂತು, ಹಳೆಯ ಹೆಸರು ಹೋಯಿತು. ಆದರೆ ಅಷ್ಟು ಹೊತ್ತಿಗೆ ಎರಡು ಪದಗಳೂ ಜನರ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಾಗಿತ್ತು. ಗೂಗಲ್ ಫೋಟೋಸ್‌ನಲ್ಲಿ ಮೋಡದ ಗುರುತಿನ ಪಕ್ಕ ಇಂದಿಗೂ ಕಾಣುವುದು ಬ್ಯಾಕಪ್ ಎಂಬ ಪದವೇ. ಅದೇ ಆ್ಯಪ್ ಒಳಗೆ ನಿಂತು ಒಂದು ಫೋಟೊ ಅಳಿಸಿದರೆ ಅದು ಫೋನು, ಕ್ಲೌಡ್ ಎರಡರಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಎಲ್ಲ ಬಗೆಯ ಫೈಲುಗಳನ್ನು ಇಡುವ ಗೂಗಲ್ ಡ್ರೈವ್‌ನ ಬುಟ್ಟಿಯಾದರೆ 30 ದಿನ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆಯೇ? ಹೌದು ಎಂದಾದರೆ ಅದು ಸಿಂಕ್, ಆ್ಯಪ್ ಏನೇ ಹೆಸರಿಟ್ಟುಕೊಂಡಿರಲಿ. ನಮ್ಮ ಕಡೆ ರೈತರು ಬಿತ್ತುವ ಜೋಳವನ್ನು ಉಣ್ಣುವ ಜೋಳದ ಜೊತೆ ಇಡುವುದಿಲ್ಲ. ದಿನಾ ಕೈ ಹಾಕುವ ಚೀಲದಿಂದ ದೂರ, ಬೇರೆ ಕಡೆ ತೆಗೆದಿಡುತ್ತಾರೆ. ಬ್ಯಾಕಪ್ ಎಂದರೆ ಆ ಬೀಜದ ಜೋಳ.

ಕ್ಲೌಡ್‌ನಲ್ಲಿ ತುಂಬಿಟ್ಟ ದೊಡ್ಡ ಸಂಗ್ರಹಕ್ಕೂ ಬ್ಯಾಕಪ್ ಬೇಕು ಎಂದರೆ ಹಲವರು ಹುಬ್ಬೇರಿಸುತ್ತಾರೆ. "ಅದು ಗೂಗಲ್‌ದಾಗ ಐತಲ್ರಿ, ಮತ್ಯಾಕ?" ಬಾಗಲಕೋಟೆಯ ನವನಗರದ ಎಷ್ಟೋ ಮನೆಗಳನ್ನು ನೆನೆಯಿರಿ. ಹಳೆಯ ಊರಿನ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದವು. ಆ ಕಟ್ಟೆ, ಆ ತಲೆಬಾಗಿಲು, ಬಾಗಿಲ ಮುಂದೆ ನಿಂತ ಅಜ್ಜಿ ಇನ್ನು ಇರುವುದು ಫೋಟೊದಲ್ಲಿ ಮಾತ್ರ. ಮನೆಯ ಹುಡುಗನೊಬ್ಬ ಅವನ್ನೆಲ್ಲ ಸ್ಕ್ಯಾನ್ ಮಾಡಿ, ಅದಕ್ಕೆಂದೇ ಹೊಸ ಜಿಮೇಲ್ ಖಾತೆ ತೆರೆದು ಡ್ರೈವ್‌ಗೆ ಹಾಕುತ್ತಾನೆ. ಆಮೇಲೆ ನೌಕರಿಗೆಂದು ಪುಣೆಗೋ ಬೆಂಗಳೂರಿಗೋ ಹೋಗುತ್ತಾನೆ. ಆ ಖಾತೆಗೆ ಯಾರೂ ಲಾಗಿನ್ ಆಗುವುದಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅದರೊಳಗಿನ ಫೋಟೊಗಳ ಸಮೇತ ಅಳಿಸಬಹುದು ಎಂಬುದು ಗೂಗಲ್‌ನ ನಿಯಮ. 2023ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ. ಪಾಸ್‌ವರ್ಡ್ ಕಳ್ಳರ ಕೈಗೆ ಸಿಗುವುದು, ಹಳೆಯ ನಂಬರಿಗೆ ಓಟಿಪಿ ಹೋಗಿ ಖಾತೆಯೇ ತೆರೆಯದಿರುವುದು ಬೇರೆ. ಹಿನ್ನೀರಿಗೆ ಹೋದ ಮನೆಯ ಫೋಟೊ ಎರಡನೆಯ ಸಲ ತೆಗೆಯಲು ಆಗುವುದಿಲ್ಲ. ಆದ್ದರಿಂದಲೇ ಈ ಪದದ ವಿಷಯದಲ್ಲಿ ನನಗಿಷ್ಟು ಹಟ.

ಸರಿ, ಹಾರ್ಡ್‌ಡಿಸ್ಕಿಗೆ ಇಳಿಸೋಣ ಎಂದು ಹೊರಟವರನ್ನೂ ಇದೇ ಗೊಂದಲ ಬೆನ್ನು ಹತ್ತುತ್ತದೆ. ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶವಿದೆ, ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಎಲ್ಲದರಿಂದಲೂ ಫೈಲುಗಳನ್ನು ಎಳೆದು ತರುತ್ತದೆ. ಅದರಲ್ಲಿ 'ಕಾಪಿ', 'ಸಿಂಕ್' ಎಂಬ ಎರಡು ಬೇರೆ ಬೇರೆ ಆಜ್ಞೆಗಳಿವೆ. ಕಾಪಿ ಎಂದರೆ ಮೂಲದಲ್ಲಿರುವುದನ್ನು ತಂದು ಡಿಸ್ಕಿಗೆ ಸೇರಿಸುತ್ತದೆ; ಡಿಸ್ಕಿನಲ್ಲಿ ಹೆಚ್ಚಿಗೆ ಇರುವ ಫೈಲುಗಳ ಗೊಡವೆಗೆ ಹೋಗುವುದಿಲ್ಲ. ಸಿಂಕ್ ಎಂದರೆ ಮೂಲದಲ್ಲಿ ಇಲ್ಲದ್ದು ಡಿಸ್ಕಿನಲ್ಲಿದ್ದರೆ ಅಳಿಸಿಹಾಕುತ್ತದೆ. ಕ್ಲೌಡ್‌ನಲ್ಲಿ ಯಾರೋ ಕೈತಪ್ಪಿ 2019ರ ಫೋಲ್ಡರ್ ಅಳಿಸಿದ್ದಾರೆ ಎನ್ನಿ. ನೀವು ಈ ತಿಂಗಳು ಸಿಂಕ್ ಕೊಟ್ಟರೆ ಡಿಸ್ಕಿನಲ್ಲಿ ಭದ್ರವಾಗಿದ್ದ 2019 ಕೂಡ ಹೋಗುತ್ತದೆ. ಇನ್ನೂ ಕೆಟ್ಟದ್ದು, ಮೂಲ ಮತ್ತು ಗುರಿ ಅದಲುಬದಲಾಗಿ ಹೊಸ ಖಾಲಿ ಡಿಸ್ಕನ್ನೇ ಮೂಲ ಎಂದು ಬರೆದರೆ, ಅದು ಕ್ಲೌಡನ್ನು ಖಾಲಿ ಮಾಡಲು ಹೊರಡುತ್ತದೆ. 'ಡ್ರೈ ರನ್' ಸೇರಿಸಿ ಮೊದಲು ಓಡಿಸಿದರೆ ಏನೇನು ಬರುತ್ತದೆ, ಏನೇನು ಅಳಿಯುತ್ತದೆ ಎಂದು ಬರೀ ತೋರಿಸುತ್ತದೆ. ಆ ಪಟ್ಟಿ ಓದದೆ ಮುಂದೆ ಹೋಗಬೇಡಿ. ಬ್ಯಾಕಪ್ ಬೇಕಾದವರಿಗೆ ಬೇಕಾದ ಆಜ್ಞೆ ಕಾಪಿ.

ಗೂಗಲ್ ಫೋಟೋಸ್‌ಗೆ ಮಾತ್ರ ಆರ್‌ಕ್ಲೋನ್ ಸಾಲದು. 2025ರ ಮಾರ್ಚ್ ನಂತರ ಅದು ತಾನೇ ಏರಿಸಿದ ಫೋಟೊಗಳನ್ನಷ್ಟೇ ಇಳಿಸಬಲ್ಲದು. ಅಲ್ಲಿಗೆ ಟೇಕ್‌ಔಟ್ ಸರಿ, ಖಾತೆಯಲ್ಲಿರುವುದನ್ನೆಲ್ಲ ಇಳಿಸಿಕೊಳ್ಳಲು ಗೂಗಲ್ ತಾನೇ ಕೊಡುವ ಸೌಲಭ್ಯ ಅದು. ಅದು ಸಂಗ್ರಹವನ್ನು ಜಿಪ್ ತುಂಡುಗಳಾಗಿ, ಅಂದರೆ ಹಲವು ಫೈಲುಗಳನ್ನು ಒಂದರಲ್ಲಿ ಕಟ್ಟಿದ ಗಂಟುಗಳಾಗಿ, ಕೊಡುತ್ತದೆ, ಒಂದೊಂದು ತುಂಡು 50 ಜಿಬಿವರೆಗೆ ಇರಬಹುದು, ಇಳಿಸಿಕೊಳ್ಳುವ ಲಿಂಕ್ ಸುಮಾರು ಒಂದು ವಾರ ಬದುಕಿರುತ್ತದೆ. ಫೋಟೊಗಳ ಪಕ್ಕದಲ್ಲಿ ಜೇಸನ್ (.json) ಎಂಬ ಸಾವಿರಾರು ಪುಟ್ಟ ಪಠ್ಯ ಫೈಲುಗಳು ಬಂದು ಬೀಳುತ್ತವೆ. ಕಸವೆಂದು ಎಸೆಯಬೇಡಿ. ಸ್ಕ್ಯಾನ್ ಮಾಡಿದ ಫೋಟೊಗೆ ನೀವು ಆ್ಯಪ್‌ನಲ್ಲಿ ಕೂತು ಹಾಕಿದ ತಾರೀಖು, ಊರು, ವಿವರಣೆ ಇರುವುದು ಅವುಗಳಲ್ಲೇ.

ಕಂಪ್ಯೂಟರಿನ ಡ್ರೈವ್ ಫೋಲ್ಡರಿನಿಂದ ಎಳೆದು ಡಿಸ್ಕಿಗೆ ಹಾಕುವವರಿಗೆ ಒಂದು ಮಾತು. ಗೂಗಲ್ ಡಾಕ್ಸ್, ಶೀಟ್ಸ್ ಹಾಗೆ ಬರುವುದಿಲ್ಲ. ಡಿಸ್ಕಿನಲ್ಲಿ ಕಾಣುವ ಜಿಡಾಕ್ (.gdoc) ಫೈಲು ಕ್ಲೌಡ್‌ನಲ್ಲಿರುವ ಕಡತದ ಬರೀ ವಿಳಾಸ. ಅದರಲ್ಲಿ ನಿಮ್ಮ ಒಂದಕ್ಷರವೂ ಇಲ್ಲ. ಟೇಕ್‌ಔಟ್ ಅಥವಾ ಆರ್‌ಕ್ಲೋನ್ ಮೂಲಕ ತಂದರೆ ವರ್ಡ್, ಎಕ್ಸೆಲ್ ರೂಪದಲ್ಲಿ ನಿಜವಾದ ಫೈಲು ಸಿಗುತ್ತದೆ.

ಡಿಸ್ಕಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1 ಟಿಬಿ ಡಿಸ್ಕು ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ, ಎಣಿಸುವ ಲೆಕ್ಕ ಬೇರೆ ಅಷ್ಟೆ. ಡಿಸ್ಕು ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ, ಟೇಕ್‌ಔಟ್‌ನ ದೊಡ್ಡ ಜಿಪ್ ಅರ್ಧಕ್ಕೇ ನಿಲ್ಲುತ್ತದೆ, ಎಕ್ಸ್‌ಫ್ಯಾಟ್ ಎಂಬ ಬಗೆಗೆ ಬದಲಿಸಿ. 50 ಎಂಬಿಪಿಎಸ್ ಸಂಪರ್ಕದಲ್ಲಿ 1 ಟಿಬಿ ಇಳಿಯಲು ಪೂರ್ತಿ ವೇಗ ಸಿಕ್ಕರೂ 44 ತಾಸು ಬೇಕು, ಬೇಸಿಗೆಯಲ್ಲಿ ನಡುವೆ ಕರೆಂಟು ಹೋಗದೆ ಇರುವುದಿಲ್ಲ. ಆರ್‌ಕ್ಲೋನ್‌ಗೆ ಅದೇ ಆಜ್ಞೆ ಮತ್ತೆ ಕೊಟ್ಟರೆ ಆಗಲೇ ಬಂದಿರುವ ಫೈಲುಗಳನ್ನು ಬಿಟ್ಟು ಮುಂದಿನದನ್ನು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಡಿಸ್ಕನ್ನು ಕಿತ್ತಿಡಿ. ಸದಾ ಚುಚ್ಚಿಟ್ಟ ಡಿಸ್ಕು ಕಂಪ್ಯೂಟರಿಗೆ ಬಂದ ವೈರಸ್ಸನ್ನು ತಾನೂ ಹಿಡಿಸಿಕೊಳ್ಳುತ್ತದೆ.

ಗೂಗಲ್‌ನ ಉಚಿತ 15 ಜಿಬಿ ಜಾಗ ತುಂಬಿತೆಂದು ಎಲ್ಲವನ್ನೂ ಡಿಸ್ಕಿಗೆ ಇಳಿಸಿ, ಕ್ಲೌಡ್ ಖಾಲಿ ಮಾಡಿ, "ಡಿಸ್ಕಿನ್ಯಾಗ ಬ್ಯಾಕಪ್ ಐತಿ" ಎನ್ನುವವರೂ ಇದ್ದಾರೆ. ಅದು ಸ್ಥಳಾಂತರ, ಬ್ಯಾಕಪ್ ಅಲ್ಲ. ಕೈಜಾರಿ ಬಿದ್ದರೆ ಎಲ್ಲ ಮುಗಿಯಿತು. ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ 3-2-1 ಲೆಕ್ಕ ಇಂಥವರಿಗೇ: ಮೂರು ಪ್ರತಿ, ಎರಡು ಬಗೆಯ ಶೇಖರಣಾ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಕ್ಲೌಡ್‌ನಲ್ಲಿ ಒಂದು, ನವನಗರದ ಮನೆಯ ಡಿಸ್ಕಿನಲ್ಲಿ ಒಂದು, ಬೆಳಗಾವಿಯ ತಂಗಿಯ ಮನೆಯ ಕಪಾಟಿನಲ್ಲಿ ಇನ್ನೊಂದು.

ಬ್ಯಾಕಪ್‌ಗೆ ಒಂದು ಜೋಡಿಪದವಿದೆ, ರಿಸ್ಟೋರ್, ಅಂದರೆ ಮರಳಿ ಪಡೆಯುವುದು. ಅದನ್ನು ಯಾರೂ ಬಾಯಿಗೆ ತರುವುದಿಲ್ಲ. ಮರಳಿ ಪಡೆದು ನೋಡದ ಬ್ಯಾಕಪ್ ಇನ್ನೂ ಬ್ಯಾಕಪ್ ಆಗಿರುವುದಿಲ್ಲ. ಆರ್‌ಕ್ಲೋನ್‌ನ 'ಚೆಕ್' ಎರಡೂ ಕಡೆಯ ಫೈಲುಗಳನ್ನು ಹೋಲಿಸಿ ಹೇಳುತ್ತದೆ. ಟೇಕ್‌ಔಟ್ ಆದರೆ ಜಿಪ್ ಎಲ್ಲವನ್ನೂ ಬಿಚ್ಚಿಯೇ ನೋಡಬೇಕು. ವರ್ಷಕ್ಕೊಮ್ಮೆ ಡಿಸ್ಕನ್ನು ಬೇರೆಯವರ ಕಂಪ್ಯೂಟರಿಗೆ ಹಾಕಿ, ಇಂಟರ್‌ನೆಟ್ ಬಂದ್ ಮಾಡಿ, ಪ್ರತಿ ಫೋಲ್ಡರಿನಿಂದ ಒಂದು ಫೋಟೊ, ಒಂದು ಕಡತ ತೆರೆಯಿರಿ, ಒಂದು ವಿಡಿಯೊವನ್ನು ಕೊನೆಯವರೆಗೆ ಓಡಿಸಿ.