ಹಿಂದಿನ ಡಿಫರೆನ್ಷಿಯಲ್ ಒಡೆದಿದೆ, ಗೇರ್ ಮಾತ್ರ ಬದಲಿಸಿದರೆ ಸಾಕೇ?

ಪ್ರಶ್ನೆ: ನನ್ನದು ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರು. ಟರ್ಬೊ ಹಾಕಿಸಿ ಎಂಜಿನ್ ಟ್ಯೂನ್ ಮಾಡಿಸಿದ್ದೇನೆ, ಟೈರೂ ಅಗಲದ್ದು. ಈಚೆಗೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹಿಂದಿನಿಂದ ಗುಂಯ್ ಎಂಬ ಸದ್ದು. ಆಯಿಲ್ ಇಳಿಸಿದರೆ ಲೋಹದ ಚೂರುಗಳು ಬಂದವು. ಕೆಟ್ಟ ಗೇರ್ ಬದಲಿಸಿದರೆ ಸಾಕೇ, ಇಡೀ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಗೇರ್‌ಗಳ ಜೋಡಣೆ) ತೆಗೆದು ಬೇರೆ ಹಾಕಬೇಕೇ?

ಉತ್ತರ: ಚೂರು ಬಂದವು ಎಂದಿರಿ. ಎಂಥ ಚೂರು ಎಂಬುದರಲ್ಲೇ ಅರ್ಧ ಉತ್ತರ ಇದೆ. ಡ್ರೇನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿಕೊಂಡಿದ್ದರೆ ಗಾಬರಿ ಬೇಡ, ಅದು ಎಲ್ಲ ಡಿಫರೆನ್ಷಿಯಲ್‌ನಲ್ಲೂ ಇರುವ ಸವೆತ. ತೆಳ್ಳಗಿನ, ಹೊಳೆಯುವ ಸಿಪ್ಪೆಗಳಿದ್ದರೆ ಬೇರಿಂಗ್‌ನ ಮೈ ಸುಲಿಯುತ್ತಿದೆ. ಒಂದು ಬದಿ ನುಣುಪಾಗಿ, ಇನ್ನೊಂದು ಬದಿ ಸಕ್ಕರೆ ಹರಳಿನಂತೆ ಒರಟಾಗಿರುವ ತುಂಡು ಸಿಕ್ಕಿದರೆ ಅದು ಮುರಿದ ಹಲ್ಲು. ಹಾಗಿದ್ದರೆ ಗಾಡಿಯನ್ನು ಮತ್ತೆ ಓಡಿಸಲೇಬೇಡಿ. ಅಂಥ ಇನ್ನೊಂದು ತುಂಡು ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ಡಿಫರೆನ್ಷಿಯಲ್‌ನ ಹೊರಕವಚವಾದ ಹೌಸಿಂಗೇ ಸೀಳಬಹುದು, ಹಿಂದಿನ ಚಕ್ರಗಳು ಓಡುತ್ತಿರುವಾಗಲೇ ಕಚ್ಚಿಕೊಳ್ಳಬಹುದು.

ಸದ್ದೂ ದಾರಿ ತೋರಿಸುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಅಥವಾ ಮೌನ ಎಂದಾದರೆ ಅನುಮಾನ ಕ್ರೌನ್ ವೀಲ್ (ಡಿಫರೆನ್ಷಿಯಲ್‌ನ ದೊಡ್ಡ ಬಳೆಯಂಥ ಗೇರ್), ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರ್) ಅಥವಾ ಪಿನಿಯನ್ ಬೇರಿಂಗ್ ಮೇಲೆ. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗಿನ ಸ್ಪೈಡರ್ ಗೇರ್‌ಗಳು, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಣ್ಣ ಗೇರ್‌ಗಳು. ನೇರ ಹೋಗುವಾಗಲೂ ಒಂದೇ ಸಮನೆ ಗುರುಗುಟ್ಟಿ, ಒಂದು ಕಡೆ ತಿರುಗಿದಾಗ ಜೋರಾದರೆ ಮೊದಲು ವೀಲ್ ಬೇರಿಂಗ್ ನೋಡಿ. ಅದನ್ನು ಬಿಟ್ಟು ಡಿಫರೆನ್ಷಿಯಲ್ ಬಿಚ್ಚಿ ಕೂತವರು ಬಹಳ ಮಂದಿ. ಮಾಡಿಫೈ ಮಾಡಿದ ಗಾಡಿಗಳಲ್ಲಿ ಇನ್ನೊಂದು ತಮಾಷೆ ಇದೆ. ಮೆತ್ತನೆಯ ರಬ್ಬರ್ ಬುಷ್ (ಲೋಹದ ಭಾಗಗಳ ನಡುವಿನ ಮೆತ್ತೆ) ತೆಗೆದು ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕಿದ ಮರುದಿನದಿಂದ ಸದ್ದು ಶುರುವಾಗಿದ್ದರೆ, ಅದು ಮೊದಲೂ ಇದ್ದ ಸದ್ದೇ. ಈಗ ಕಿವಿಗೆ ತಲುಪುತ್ತಿದೆ, ಅಷ್ಟೇ.

ಈಗ ನಿಮ್ಮ ಪ್ರಶ್ನೆ. ಹಲ್ಲು ಹೋಗಿರುವುದು ಕ್ರೌನ್ ವೀಲ್‌ನಲ್ಲೋ ಪಿನಿಯನ್‌ನಲ್ಲೋ, ಎರಡನ್ನೂ ಒಟ್ಟಿಗೇ ಬದಲಿಸಬೇಕು. ಇವು ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿ ತಯಾರಾದ ಜೋಡಿ. ಒಂದು ಗಾಡಿಯ ಪಿನಿಯನ್‌ಗೆ ಇನ್ನೊಂದರ ಕ್ರೌನ್ ಕೂಡಿಸಿದರೆ ಅಳತೆ ಸರಿ ಬಂದರೂ ಸದ್ದು ಹೋಗುವುದಿಲ್ಲ, ಬಾಳಿಕೆಯೂ ಬರುವುದಿಲ್ಲ. ಮುರಿದ ಹಲ್ಲಿಗೆ ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಆ ಶಾಖಕ್ಕೆ ಹಲ್ಲಿನ ಮೇಲ್ಮೈಗೆ ಕೊಟ್ಟ ಗಡಸುತನವೇ ಕೆಡುತ್ತದೆ. ಸ್ಪೈಡರ್ ಗೇರ್‌ಗಳಷ್ಟೇ ಹೋಗಿ ಕ್ರೌನ್, ಪಿನಿಯನ್ ಚೆನ್ನಾಗಿದ್ದರೆ ಒಳಗಿನ ಗೇರ್ ಮಾತ್ರ ಬದಲಿಸಬಹುದು, ಆದರೆ ಪ್ರತಿ ಹಲ್ಲನ್ನೂ ಬೆಳಕಿಗೆ ಹಿಡಿದು ನೋಡಿದ ಮೇಲೆ. ಬೇರಿಂಗ್, ಸೀಲ್‌ಗಳು ಹೇಗೂ ಹೊಸವೇ ಬೇಕು, ಏಕೆಂದರೆ ಚೂರು ತುಂಬಿದ ಆಯಿಲ್ ಅವುಗಳೊಳಗೂ ಹರಿದಿದೆ. ಹೌಸಿಂಗ್ ಬಿರುಕು ಬಿಟ್ಟಿದ್ದರೆ, ಅಥವಾ ಬೇರಿಂಗ್ ಕೂರುವ ಜಾಗ ಸವೆದು ಬೇರಿಂಗ್‌ನ ಹೊರ ಬಳೆ ಅಲ್ಲೇ ತಿರುಗಿದ್ದರೆ, ರಿಪೇರಿಯ ಮಾತು ಬಿಟ್ಟು ಪೂರ್ತಿ ಡಿಫರೆನ್ಷಿಯಲ್ಲೇ ಹುಡುಕಿ.

ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಒಡೆದದ್ದೇಕೆ? ಸಣ್ಣ ಲೆಕ್ಕ ಹಾಕೋಣ. ಎಂಜಿನ್ 250 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು, ಒಂದನೇ ಗೇರ್‌ನ ಅನುಪಾತ 3.6 ಎನ್ನಿ. ಪಿನಿಯನ್ ಮೇಲೆ ಬೀಳುತ್ತಿದ್ದದ್ದು 900. ಟ್ಯೂನ್ ಆದ ಮೇಲೆ 400 ಬಂದರೆ ಅದೇ ಪಿನಿಯನ್ ಮೇಲೆ 1,440. ಇದು ಮೆಲ್ಲಗೆ ಏರುವ ಭಾರವಾದರೆ ಎಷ್ಟೋ ಡಿಫರೆನ್ಷಿಯಲ್‌ಗಳು ತಾಳಿಕೊಳ್ಳುತ್ತವೆ. ಹಲ್ಲು ಮುರಿಯುವುದು ಹೊಡೆತಕ್ಕೆ. ಎಂಜಿನ್ ಏರಿಸಿ ಕ್ಲಚ್‌ನಿಂದ ಕಾಲು ಕಿತ್ತಾಗ ಫ್ಲೈವೀಲ್‌ನಲ್ಲಿ ಕೂಡಿದ್ದ ಶಕ್ತಿಯೂ ಒಮ್ಮೆಲೇ ಬಂದು ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ಹಿಂದಿನ ಚಕ್ರಗಳು ಧಡಧಡ ಕುಣಿಯುವುದು: ಟೈರ್ ನೆಲ ಕಚ್ಚುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ, ಪ್ರತಿ ಕಚ್ಚಿಗೂ ಹಲ್ಲಿಗೆ ಸುತ್ತಿಗೆಯ ಏಟು. ಸವೆದ ಬುಷ್, ಬಳಲಿದ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟು ಹೊಸ ಕ್ರೌನ್ ಹಾಕಿಸಿದರೆ ಅದೂ ಇದೇ ದಾರಿ ಹಿಡಿಯುತ್ತದೆ.

ಸ್ಪೈಡರ್ ಗೇರ್ ಸಾಯುವ ರೀತಿ ಬೇರೆ. ಸಾಧಾರಣ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ನಿಂತು ಇನ್ನೊಂದು ಜಾರಿ ಸುತ್ತುವಾಗ, ಸುತ್ತುವ ಚಕ್ರದ ವೇಗ ಕ್ರೌನ್ ವೀಲ್‌ನ ಎರಡರಷ್ಟು. ಮೀಟರ್‌ನಲ್ಲಿ 60 ಕಂಡರೆ ಆ ಚಕ್ರ 120ರ ವೇಗದಲ್ಲಿ ತಿರುಗುತ್ತಿರುತ್ತದೆ. ತಿರುವಿನಲ್ಲಿ ನಿಧಾನಕ್ಕೆ ಹೊರಳಬೇಕಾದ ಸ್ಪೈಡರ್ ಗೇರ್‌ಗಳು ಆಗ ತಮ್ಮ ಪಿನ್ ಮೇಲೆ ಹುಚ್ಚೆದ್ದು ತಿರುಗಿ, ಆಯಿಲ್ ಪದರ ಹರಿದು, ಪಿನ್‌ಗೇ ಕಚ್ಚಿಕೊಳ್ಳುತ್ತವೆ. ಟೈರ್ ಸುಡುವ ಆಟ ನಿಮಗಿದ್ದರೆ, ಒಂದೇ ಚಕ್ರ ಹೀಗೆ ಜಾರಿ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಲು ಇದೇ ಸಮಯ, ಹೇಗೂ ಬಿಚ್ಚಿದ್ದೀರಿ. ಸ್ಪೈಡರ್ ಗೇರ್‌ಗಳನ್ನೇ ವೆಲ್ಡ್ ಮಾಡಿ ಎರಡೂ ಚಕ್ರ ಒಂದೇ ಮಾಡುವ ಅಗ್ಗದ ಉಪಾಯ ರಸ್ತೆಯ ಗಾಡಿಗೆ ನನ್ನ ಮಟ್ಟಿಗೆ ಬೇಡವೇ ಬೇಡ. ಪ್ರತಿ ತಿರುವಿನಲ್ಲೂ ಒಂದು ಟೈರ್ ಉಜ್ಜಿಕೊಂಡೇ ಹೋಗಬೇಕು, ಆ ತಿಕ್ಕಾಟ ಆಕ್ಸಲ್‌ಗೆ.

ಭಾಗಗಳನ್ನು ತರುವಾಗ ಅನುಪಾತ ನೋಡಿ. ಕ್ರೌನ್‌ಗೆ 41, ಪಿನಿಯನ್‌ಗೆ 10 ಹಲ್ಲಿದ್ದರೆ ಅದು 4.10. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಇರುವವರು ಇದನ್ನು ಓದುತ್ತಿದ್ದರೆ, ಹಿಂದಿನದನ್ನು ಬೇರೆ ಅನುಪಾತಕ್ಕೆ ಬದಲಿಸಿ ಮುಂದಿನದನ್ನು ಹಾಗೇ ಬಿಡಬೇಡಿ.

ಇನ್ನು ಜೋಡಣೆ. ಈ ಕೆಲಸದ ಜೀವ ಇರುವುದು ಇಲ್ಲಿ. ಬೇರಿಂಗ್ ಕ್ಯಾಪ್‌ಗಳನ್ನು ಬಿಚ್ಚುವ ಮುನ್ನವೇ ಎಡ, ಬಲ ಗುರುತಿಗೆ ಪಂಚ್ ಹೊಡೆಯಿರಿ. ಹೌಸಿಂಗ್ ಜೊತೆಯಲ್ಲೇ ಕೊರೆದ ಕ್ಯಾಪ್‌ಗಳವು, ಅದಲುಬದಲಾದರೆ ಬೇರಿಂಗ್ ಸರಿಯಾಗಿ ಕೂರದು. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ಶಿಮ್ ಎಂಬ ತೆಳು ಲೋಹದ ಬಿಲ್ಲೆ ನಿರ್ಧರಿಸುತ್ತದೆ. ಬೇರಿಂಗ್‌ಗಳ ಬಿಗಿತವನ್ನು ಹೆಚ್ಚಿನ ಗಾಡಿಗಳಲ್ಲಿ ನಿರ್ಧರಿಸುವುದು ಕ್ರಷ್ ಸ್ಲೀವ್ ಎಂಬ ತೆಳು ಲೋಹದ ಕೊಳವೆ. ನಟ್ ಬಿಗಿಸಿದಂತೆ ಅದು ಕುಗ್ಗುತ್ತದೆ, ಕುಗ್ಗಿದ್ದು ಮತ್ತೆ ಹಿಗ್ಗದು. ಒಮ್ಮೆ ನಾನು ಬರೀ ಪಿನಿಯನ್ ಆಯಿಲ್ ಸೀಲ್ ಬದಲಿಸಲು ಹೋಗಿ ನಟ್ಟನ್ನು ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿಸಿದೆ. ಸ್ಲೀವ್ ಇನ್ನಷ್ಟು ಕುಗ್ಗಿತ್ತು. ಕೆಲವೇ ದಿನಗಳಲ್ಲಿ ಸದ್ದು. ಬಿಚ್ಚಿದರೆ ಬೇರಿಂಗ್ ರೋಲರ್‌ಗಳು ಶಾಖಕ್ಕೆ ನೀಲಿಗಟ್ಟಿದ್ದವು. ಶಕ್ತಿ ಹೆಚ್ಚಿಸಿದ ಗಾಡಿಗೆ, ಸಿಗುವುದಾದರೆ, ಈ ಸ್ಲೀವ್ ಬದಲು ಶಿಮ್ ಹಾಕಿ ಅಳತೆಗೆ ತರುವ ಗಟ್ಟಿ ಸ್ಪೇಸರ್ ಒಳ್ಳೆಯದು.

ಆಮೇಲೆ ಬ್ಯಾಕ್‌ಲ್ಯಾಷ್, ಅಂದರೆ ಎರಡು ಗೇರ್‌ಗಳ ಹಲ್ಲುಗಳ ನಡುವಿನ ಸಡಿಲು. ಪಿನಿಯನ್ ಅಲುಗದಂತೆ ಹಿಡಿದು ಕ್ರೌನ್‌ನ ಹಲ್ಲಿಗೆ ಡಯಲ್ ಗೇಜ್ ಇಟ್ಟು ಅತ್ತಿತ್ತ ಅಲುಗಿಸಿ ನೋಡುವುದು. ಬಹಳಷ್ಟು ಕಾರುಗಳಲ್ಲಿ ಇದು 0.10ರಿಂದ 0.20 ಮಿ.ಮೀ. ಆಸುಪಾಸು, ಬರೆಯುವ ಕಾಗದದ ಒಂದೆರಡು ಹಾಳೆಯ ದಪ್ಪ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನ ಅಂಕಿಯೇ ಅಂತಿಮ. ಒಂದೇ ಕಡೆ ಅಳೆದು ಬಿಡಬೇಡಿ, ಕ್ರೌನ್ ತಿರುಗಿಸಿ ನಾಲ್ಕು ಕಡೆ ನೋಡಿ.

ಕೊನೆಗೆ ಹಲ್ಲುಗಳಿಗೆ ಗುರುತಿನ ಬಣ್ಣ ಬಳಿದು, ಕ್ರೌನ್‌ಗೆ ಕೊಂಚ ತಡೆ ಕೊಟ್ಟು ಪಿನಿಯನ್ ತಿರುಗಿಸಿ. ಬಣ್ಣ ಒರೆಸಿಹೋದ ಜಾಗ ಹಲ್ಲಿನ ನಡುವೆ ಮೊಟ್ಟೆಯಾಕಾರದಲ್ಲಿ ಕಾಣಬೇಕು. ತುದಿಗೆ ಸರಿದಿದ್ದರೆ ಪಿನಿಯನ್ ದೂರವಿದೆ, ಬುಡಕ್ಕೆ ಇಳಿದಿದ್ದರೆ ಅತಿಯಾಗಿ ಒಳಗೆ ಹೋಗಿದೆ. ಶಿಮ್ ಬದಲಿಸಿ, ಬ್ಯಾಕ್‌ಲ್ಯಾಷ್ ಮತ್ತೆ ಅಳೆದು, ಮತ್ತೆ ಬಣ್ಣ. ಮೂರ್ನಾಲ್ಕು ಸಲ ಬಿಚ್ಚಿ ಕಟ್ಟುವುದು ಇಲ್ಲಿ ಮಾಮೂಲು. ಈ ತಾಳ್ಮೆ ಅಥವಾ ಡಯಲ್ ಗೇಜ್ ಇಲ್ಲದವರಿಗೆ, ಅದೇ ಕಾರಿನ ಹೆಚ್ಚು ಶಕ್ತಿಯ ಮಾದರಿಯಿಂದ ಬಿಚ್ಚಿದ ಪೂರ್ತಿ ಡಿಫರೆನ್ಷಿಯಲ್ ಕೂರುವಂತಿದ್ದರೆ ಅದೇ ವಾಸಿ. ಈ ಹೊಂದಾಣಿಕೆಯೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ.

ಮುಚ್ಚುವ ಮುನ್ನ ಆಕ್ಸಲ್ ಕೊಳವೆಗಳನ್ನು ಪೂರ್ತಿ ತೊಳೆಯಿರಿ, ಹಳೆಯ ಚೂರು ಅಡಗುವುದು ಅಲ್ಲೇ. ಬ್ರೀದರ್ ರಂಧ್ರ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಬಿಸಿಗೆ ಒತ್ತಡ ಏರಿ ಹೊಸ ಸೀಲ್‌ನಿಂದಲೇ ಆಯಿಲ್ ಒಸರುತ್ತದೆ. ಈ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ ಕೂಡ, ಆದ್ದರಿಂದ ಜಿಎಲ್-5 ದರ್ಜೆಯ ಆಯಿಲೇ ಬೇಕು. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಆದರೆ ಅದರ ತಯಾರಕರು ಹೇಳಿದ ಫ್ರಿಕ್ಷನ್ ಮಾಡಿಫೈಯರ್ ಸೇರಿದ್ದು. ಮೊದಲ ಸಲ 20 ಕಿ.ಮೀ. ಮೆಲ್ಲಗೆ ಓಡಿಸಿ ಪೂರ್ತಿ ತಣಿಯಲು ಬಿಡಿ. 800 ಕಿ.ಮೀ. ಆಗುವವರೆಗೆ ಕ್ಲಚ್ ಕಿತ್ತು ಬಿಡುವ ಆಟ ಬೇಡ. ಆಮೇಲೆ ಆಯಿಲ್ ಇಳಿಸಿ ಅದೇ ಡ್ರೇನ್ ಪ್ಲಗ್ ನೋಡಿ: ಬರೀ ಬೂದು ಪೇಸ್ಟ್ ಇದ್ದರೆ ಒರೆಸಿ ಮತ್ತೆ ಹಾಕಿ.