ಓಡುತ್ತಿರುವ ವಿಎಂಗೆ ಮೆಮೊರಿ ಸೇರಿಸಿದಾಗ ಕರ್ನಲ್ ಒಳಗೆ ಏನಾಗುತ್ತದೆ?

ಪುಣೆಯ ವಾಕಡ್‌ನಲ್ಲಿ ಶನಿವಾರ ಓದಲು ಸೇರುವ ನಮ್ಮ ಕನ್ನಡದ ಗೆಳೆಯರಲ್ಲಿ ಹೆಚ್ಚಿನವರು ಹಿಂಜವಡಿಯಲ್ಲಿ ಸರ್ವರ್ ನೋಡಿಕೊಳ್ಳುವವರು. ಹೋದ ವಾರ ಬಂದ ಪ್ರಶ್ನೆ ಇದು: ಓಡುತ್ತಿರುವ ವಿಎಂಗೆ (ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) 1 ಜಿಬಿ ಮೆಮೊರಿ ಹಾಕಿದೆವು, ವಿಎಂ ಓಡಿಸುವ ಕ್ಯೂಎಮು ಯಾವ ಎರರ್ರೂ ಕೊಡಲಿಲ್ಲ, ಆದರೆ ಒಳಗೆ ‘ಫ್ರೀ’ ಕಮಾಂಡ್ ಮೊದಲಿನಷ್ಟೇ ತೋರಿಸುತ್ತಿದೆ. ಮೆಮೊರಿ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಲಿನಕ್ಸ್‌ನಲ್ಲಿ ಇದು ಎರಡು ಹಂತದ ಕೆಲಸ. ಮೊದಲು ‘ಆ್ಯಡ್’: ಹೊಸ ಡಿಮ್ (ಮೆಮೊರಿ ಕಡ್ಡಿ) ಬಂದಿದೆ ಅಂತ, ಹಾರ್ಡ್‌ವೇರ್ ಸುದ್ದಿ ಮುಟ್ಟಿಸುವ ಎಸಿಪಿಐ ಮೂಲಕ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಸುದ್ದಿ ಮುಟ್ಟುತ್ತದೆ. ಕರ್ನಲ್ ಅದನ್ನು ಬ್ಲಾಕ್‌ಗಳಾಗಿ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ‘ಆನ್‌ಲೈನ್’: ಆಗಷ್ಟೇ ಆ ಬ್ಲಾಕ್‌ಗಳ ಪೇಜ್‌ಗಳು (ಮೆಮೊರಿಯ ಸಣ್ಣ ತುಂಡುಗಳು) ಮೆಮೊರಿ ಹಂಚುವ ಅಲೋಕೇಟರ್ ಕೈಗೆ ಸಿಗುತ್ತವೆ. ಇದು ತಾನಾಗಿ ಆಗುವಂತೆ ಸೆಟ್ ಮಾಡಿಲ್ಲದಿದ್ದರೆ ಎರಡನೇ ಹಂತ ನಾವೇ ಮಾಡಬೇಕು. ‘ಎಲ್‌ಎಸ್‌ಮೆಮ್’ ಕಮಾಂಡ್ ಕೊಟ್ಟು ನೋಡಿ, ಹೊಸ ಬ್ಲಾಕ್‌ಗಳು ಆಫ್‌ಲೈನ್ ಅಂತ ಸುಮ್ನೆ ಕೂತಿರುತ್ತವೆ.

ಲೆಕ್ಕವನ್ನೂ ನೋಡೋಣ. ನಮ್ಮ ಎಕ್ಸ್86-64 ವಿಎಂನಲ್ಲಿ ಒಂದು ಬ್ಲಾಕ್ 128 ಎಂಬಿ, ಅಂದರೆ 1 ಜಿಬಿಗೆ 8 ಬ್ಲಾಕ್. 4 ಕೆಬಿಯ ಪ್ರತಿ ಪೇಜ್‌ಗೂ ಕರ್ನಲ್ ಅದರ ವಿವರ ಬರೆದಿಡಲು 64 ಬೈಟ್‌ನ ಒಂದು ‘ಸ್ಟ್ರಕ್ಟ್ ಪೇಜ್’ ಇಡುತ್ತದೆ. 1 ಜಿಬಿಯಲ್ಲಿ 2,62,144 ಪೇಜ್, ಒಟ್ಟು 16 ಎಂಬಿ. ಸಾಮಾನ್ಯವಾಗಿ ಇದು ಹಳೆಯ ಮೆಮೊರಿಯಿಂದಲೇ ಹೋಗುತ್ತದೆ! ಮೆಮೊರಿ ಪೂರ್ತಿ ಖಾಲಿಯಾಗಿ ವಿಎಂ ಒದ್ದಾಡುವವರೆಗೆ ಕಾಯಬಾರದು ಅನ್ನೋದು ಇದಕ್ಕೇ.

ನನ್ನ ಪ್ರಕಾರ ಮುಖ್ಯ ವಿಷಯ ಇನ್ನು ಮುಂದಿದೆ. ಆನ್‌ಲೈನ್ ಮಾಡುವಾಗ ಯಾವ ಜೋನ್‌ಗೆ (ಕರ್ನಲ್ ಮೆಮೊರಿಯನ್ನು ವಿಂಗಡಿಸುವ ವಿಭಾಗ) ಹಾಕುತ್ತೀರಿ? ‘ನಾರ್ಮಲ್’ಗೆ ಹಾಕಿದರೆ ಕರ್ನಲ್ ತನ್ನ ಸ್ವಂತ ಡೇಟಾವನ್ನೂ ಅಲ್ಲಿ ಇಡಬಹುದು. ಅಂಥ ಪೇಜ್‌ಗಳನ್ನು ಜಾಗ ಬದಲಿಸೋಕೆ ಆಗಲ್ಲ. ಡಿಮ್ ತೆಗೆಯಬೇಕೆಂದರೆ ಅದರ ಎಲ್ಲ ಬ್ಲಾಕ್‌ಗಳೂ ಆಫ್‌ಲೈನ್ ಆಗಬೇಕು, ಅಲ್ವಾ? ಕದಲದ ಒಂದೇ ಪೇಜ್ ಇದ್ದರೂ ಇಡೀ 1 ಜಿಬಿ ವಾಪಸ್ ಸಿಗಲ್ಲ. ‘ಮೂವಬಲ್’ ಜೋನ್‌ಗೆ ಹಾಕಿದರೆ ಮುಖ್ಯವಾಗಿ ಬೇರೆಡೆಗೆ ಸಾಗಿಸಬಹುದಾದ ಪೇಜ್‌ಗಳೇ ಅಲ್ಲಿರುತ್ತವೆ, ತೆಗೆಯೋದು ಸುಲಭ. ಹಾಗಂತ ಎಲ್ಲವನ್ನೂ ಅಲ್ಲಿಗೇ ತುಂಬಬೇಡಿ. ಪೇಜ್ ಟೇಬಲ್‌ನಂಥ ಕರ್ನಲ್ ಡೇಟಾಗೆ ಜಾಗ ಸಾಲದೆ, ಎಷ್ಟೋ ಜಿಬಿ ಖಾಲಿ ಇರುವಾಗಲೇ ಓಓಎಂ (ಔಟ್ ಆಫ್ ಮೆಮೊರಿ, ಅಂದರೆ ಮೆಮೊರಿ ಮುಗಿದ ಸ್ಥಿತಿ) ಬರಬಹುದು.

ಓಡುತ್ತಿರುವ ವಿಎಂನ ಮೆಮೊರಿ ಹೆಚ್ಚುಕಡಿಮೆ ಮಾಡಲು ಬಲೂನ್ ಬೇರೆ ದಾರಿ. ವರ್ಟಿಯೊ ಬಲೂನ್ ವಿಎಂಗೆ ಮೊದಲೇ ಕೊಟ್ಟ ಮೆಮೊರಿಯನ್ನು ಹಿಂದಕ್ಕೆ ಪಡೆದು ಮತ್ತೆ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಕೊಡಲ್ಲ.

2020ರಲ್ಲಿ ಲಿನಕ್ಸ್ 5.8ಕ್ಕೆ ಸೇರಿದ ವರ್ಟಿಯೊ-ಮೆಮ್ ನನಗೆ ತುಂಬ ಇಷ್ಟ. ಇಡೀ ಡಿಮ್ ಲೆಕ್ಕದಲ್ಲಲ್ಲದೆ ಕೆಲವೇ ಎಂಬಿಯ ತುಂಡುಗಳಲ್ಲಿ ಕೊಡುತ್ತದೆ, ತೆಗೆಯುತ್ತದೆ. ಎಲ್ಲೋ ಒಂದು ತುಂಡು ಕದಲದಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ವಾಪಸ್ ಪಡೆಯಬಹುದು. ಡಿಮ್ ಇರಲಿ, ಇದಿರಲಿ, ವಿಎಂ ಶುರು ಮಾಡುವಾಗಲೇ ಕ್ಯೂಎಮುಗೆ ‘ಮ್ಯಾಕ್ಸ್‌ಮೆಮ್’ (ಮೆಮೊರಿಯ ಗರಿಷ್ಠ ಮಿತಿ) ಹೇಳಿರಬೇಕು. ಡಿಮ್‌ಗಾದರೆ ‘ಸ್ಲಾಟ್ಸ್’ (ಡಿಮ್ ಕೂರಿಸುವ ಜಾಗಗಳ ಸಂಖ್ಯೆ) ಕೂಡ ಬೇಕು. ಆಮೇಲೆ ಇವನ್ನು ಹೆಚ್ಚಿಸಬೇಕೆಂದರೆ ವಿಎಂ ನಿಲ್ಲಿಸಲೇಬೇಕು.